ಕಲ್ಲಿಗೇನು ಮಡಗಿದ್ದೀ?

ಮೊದಲ ಸಲ ಕ್ಯಾಮೆರಾ ಬ್ಯಾಗು ಕೊಳ್ಳುವಾಗ ನನಗಿದ್ದದ್ದು ಒಂದೇ ಚಿಂತೆ: ಕ್ಯಾಮೆರಾಗೆ ಪೆಟ್ಟಾಗಬಾರದು. ಒಳಗೆ ದಪ್ಪ ಸ್ಪಾಂಜು, ಲೆನ್ಸಿಗೊಂದು ಗೂಡು, ಪಟ್ಟಿಗೆ ಲೋಹದ ಕೊಕ್ಕೆ. ನಮ್ಮ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಬರುವ ಕಬ್ಬಿನ ಲಾರಿಗಳ ದೂಳೂ ಅದರೊಳಗೆ ನುಸುಳುತ್ತಿರಲಿಲ್ಲ.

ಕೆ.ಆರ್.ಪೇಟೆ ಪಕ್ಕದ ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿ ನನ್ನ ಸಂಶೋಧನೆಯ ಒಂದು ಭಾಗ. 13ನೇ ಶತಮಾನದ ಹೊಯ್ಸಳ ಕೆಲಸ. ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ, ಬಳ್ಳಿ, ರಾಮಾಯಣ, ಮಹಾಭಾರತ. ಆನೆಯ ಫೋಟೋ ತೆಗೆಯಲು ಬಗ್ಗಿದೆ. ಒಂದೇ ಹೆಗಲಿಗೆ ಹಾಕಿದ್ದ ಬ್ಯಾಗು ಜಾರಿ ಮುಂದಕ್ಕೆ ತೂಗಿತು. ಕೊಕ್ಕೆ ತಾಗಿ ಸೊಂಡಿಲ ಮೇಲೊಂದು ಬಿಳಿ ಗೀರು. ಬಳಪದ ಕಲ್ಲು ಮೆದು. ಶಿಲ್ಪಿಯ ಉಳಿಗೆ ಒಲಿದದ್ದೂ ಅದಕ್ಕೇ.

ಅಲ್ಲೇ ಕೂತಿದ್ದ ಅಜ್ಜಿ ಕೇಳಿದರು: "ಕ್ಯಾಮ್ರಾಕ್ ದಿಂಬು ಮಡಗಿದ್ದೀಯ ಕನವ್ವ, ಕಲ್ಲಿಗೇನ್ ಮಡಗಿದ್ದೀ?"

ಉತ್ತರವಿರಲಿಲ್ಲ. ಕ್ಯಾಮೆರಾ ಕೆಟ್ಟರೆ ರಿಪೇರಿಯಿದೆ.

ಈಗ ನನ್ನದು ಟೈಲರ್ ಹೊಲಿದುಕೊಟ್ಟ ಅಗಲ ಹತ್ತಿಪಟ್ಟಿ, ಲೋಹವೇ ಇಲ್ಲ. ಎದೆಗೆ ಅಡ್ಡಲಾಗಿ ಹಾಕಿ, ಗಿಡ್ಡ ಮಾಡಿಕೊಳ್ಳುತ್ತೇನೆ; ಬಗ್ಗಿದರೂ ಕ್ಯಾಮೆರಾ ತೂಗುವುದಿಲ್ಲ. ಬ್ಯಾಗನ್ನು ಗೋಡೆಯಿಂದ ನಾಲ್ಕು ಮಾರು ದೂರವಿಟ್ಟೇ ಹೋಗುತ್ತೇನೆ.

ಪ್ರಬಂಧದ ಚಿತ್ರಗಳಲ್ಲಿ ಆ ಆನೆಯನ್ನೂ ಸೇರಿಸಿದ್ದೇನೆ, ಗೀರಿನ ಸಮೇತ.