ಬಿಳಿ ಹವಳ ಸತ್ತಿತ್ತೇ?

ಮಕ್ಕಳೇ, ನನ್ನೂರು ಹರಪನಹಳ್ಳಿ ತಾಲ್ಲೂಕಿನ ಹಲವಾಗಲು. ತುಂಗಭದ್ರೆಯಲ್ಲಿ ಈಜು ಕಲಿತ ನನಗೆ ಹವಳವೆಂದರೆ ಅಜ್ಜಿಯ ಸರದ ಕೆಂಪು ಮಣಿ, ಅಷ್ಟೆ. ಪುಟ್ಟ ಪ್ರಾಣಿಗಳು ಕಟ್ಟಿದ ಹವಳದ ದಿಬ್ಬವನ್ನು ಮೊದಲು ಕಂಡದ್ದು ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ, ಸಮೀಕ್ಷೆಗೆಂದು ಕಡಲಿಗಿಳಿದಾಗ.

ದಿಬ್ಬದ ಆರೋಗ್ಯ ನೋಡುವುದು ಹೇಗೆ ಗೊತ್ತೇ? ಕಡಲತಳದಲ್ಲಿ 20 ಮೀಟರ್ ಟೇಪು ಹಾಸುತ್ತೇವೆ. ಅರ್ಧ ಮೀಟರಿಗೊಮ್ಮೆ ಅದರ ಕೆಳಗೆ ಏನಿದೆ, ಜೀವಂತ ಹವಳವೋ, ಸತ್ತದ್ದೋ, ಪಾಚಿಯೋ, ಮರಳೋ ಎಂದು ಪ್ಲಾಸ್ಟಿಕ್ ಹಲಗೆಯ ಮೇಲೆ ಬರೆಯುತ್ತೇವೆ. ಬರೆಯುವುದು ನಿಮ್ಮ ಬಳಿ ಇರುವಂಥದೇ ಪೆನ್ಸಿಲಿನಿಂದ. ನೀರಿನಲ್ಲಿ ಶಾಯಿಯ ಆಟ ನಡೆಯದು! ಹವಳವನ್ನು ಮಾತ್ರ ಮುಟ್ಟುವಂತಿಲ್ಲ.

ಮೊದಲ ದಿನವೇ ನಾನು ಎಡವಿದೆ. ಸುಣ್ಣ ಬಳಿದಂತೆ ಬೆಳ್ಳಗಿದ್ದವನ್ನೆಲ್ಲ ‘ಸತ್ತಿದೆ’ ಎಂದು ಬರೆದೆ. ದೋಣಿಯಲ್ಲಿದ್ದ ಹಿರಿಯರೊಬ್ಬರು ಹಲಗೆ ನೋಡಿ, “ಹತ್ತಿರ ಹೋಗಿ ನೋಡಿದೆಯೇನಪ್ಪಾ?” ಎಂದರು. ಮರುದಿನ ನೋಡಿದೆ. ಬಿಳುಪಿನ ಮೇಲೆ ಗಾಜಿನಂಥ ತೆಳು ಮೈ! ಕೆಲವದರಲ್ಲಿ ಕೂದಲೆಳೆಯಂಥ ಕೈಗಳು ಅಲುಗುತ್ತಿದ್ದವು.

ಹವಳದ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಹವಳಕ್ಕೆ ಬಣ್ಣ ಬರುವುದು ಹೆಚ್ಚಾಗಿ ಅದರಿಂದ; ಆಹಾರದ ಬಹುಪಾಲೂ ಅದರಿಂದಲೇ. ಕಡಲು ಅತಿಯಾಗಿ ಬಿಸಿಯಾದರೆ ಪಾಚಿ ಹೊರಬೀಳುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ. 1998, 2010, 2016ರಲ್ಲಿ ಭಾರತದ ಕಡಲುಗಳಲ್ಲಿ ಹೀಗಾಗಿತ್ತು. ಬಿಳಿಚಿದ ಹವಳ ಹಸಿದಿರುತ್ತದೆ, ಇನ್ನೂ ಸತ್ತಿರುವುದಿಲ್ಲ. ನೀರು ಬೇಗ ತಣಿದರೆ ಪಾಚಿ ಮರಳಬಹುದು. ತಡವಾದರೆ ಹವಳ ಉಳಿಯದು.

ಹಲಗೆಯಲ್ಲಿ ‘ಬಿಳಿಚಿದೆ, ಜೀವವಿದೆ’ ಎಂಬ ಹೊಸ ಸಾಲು ಎಳೆದೆ. ಮಳೆಗಾಲ ಮುಗಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಟೇಪು ಹಾಸಿದೆವು. ಕೆಲವು ಹವಳಗಳ ಮೇಲೆ ಹಸಿರು ಪಾಚಿ ಕಟ್ಟಿತ್ತು. ಕೆಲವು ಮೊದಲಿನ ಕಂದು ಬಣ್ಣಕ್ಕೆ ತಿರುಗಿದ್ದವು.