ಕೋರಮಂಡಲದಲ್ಲಿ ಒಂದು ನಿದಾನ

ಕಡಲಿಲ್ಲದ ಕೋರಮಂಡಲವೊಂದು ನಮ್ಮ ನಾಡಿನಲ್ಲಿದೆ. ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ಪುಟ್ಟ ರೈಲುಮಾರ್ಗದಲ್ಲಿ ಬೆಮೆಲ್ ನಗರದ ನಂತರ ಬರುವ ನಿಲ್ದಾಣದ ಹೆಸರು ಅದು. ಚೋಳಮಂಡಲವೆಂಬ ಪದವನ್ನು ಪಾಶ್ಚಾತ್ಯರ ನಾಲಗೆ ತಿರುಚಿ ಕೋರಮಂಡಲ ಮಾಡಿತು. ಗಣಿಯ ಕಾಲದಲ್ಲಿ ಆ ಹೆಸರು ಪೂರ್ವ ಕರಾವಳಿಯಿಂದ ಹತ್ತಿ ಬಂದು ಕೋಲಾರದ ಈ ಕೆಂಪು ನೆಲದಲ್ಲಿ ನೆಲಸಿತು. ಪಕ್ಕದ ಬಂಗಾರಪೇಟೆಯೂ ಹಿಂದೆ ಮೈಸೂರಿನ ಕಮಿಷನರ್ ಬೌರಿಂಗ್ ಅವರ ಹೆಸರಿನಲ್ಲಿ ಬೌರಿಂಗ್‌ಪೇಟೆಯಾಗಿತ್ತು.

ರಾಬರ್ಟ್‌ಸನ್‌ಪೇಟೆಯ ಭಕ್ತರೊಬ್ಬರ ಮನೆಯ ಗೃಹಪ್ರವೇಶಕ್ಕೆ ಹೋಗುವಾಗ ನಾನು ಅಲ್ಲಿ ಅರ್ಧ ದಿನ ಕಳೆಯಬೇಕಾಯಿತು. ಮಠದ ವಾಹನಕ್ಕೆ ಇಪ್ಪತ್ತು ವರ್ಷ ತುಂಬಿದೆ. ಭಕ್ತರೊಬ್ಬರು ಒಪ್ಪಿಸಿದ್ದು, ತಾನೇ ಗೇರು ಬದಲಿಸಿಕೊಳ್ಳುವ ಜಾತಿಯದು. ಕೆಲವು ವಾರಗಳಿಂದ ಅದರ ಮುಂಫಲಕದಲ್ಲಿ ಗೇರ್‌ಬಾಕ್ಸಿನ ಎಚ್ಚರಿಕೆಯ ದೀಪ ಮಿಣುಕುತ್ತಿತ್ತು. ಒಮ್ಮೆ ಮಿಣುಕಿತೆಂದರೆ ವಾಹನ ಒಂದೇ ಗೇರಿನಲ್ಲಿ ಬಿಗಿದುಕೊಂಡು ಏರಿನಲ್ಲಿ ಮುದಿ ಎತ್ತಿನಂತೆ ಏದುತ್ತಿತ್ತು. ನಮ್ಮೂರಿನ ಸಮೀಪದ ಕಾರ್ಖಾನೆಯೊಂದರಲ್ಲಿ ದೀಪವನ್ನು ನೋಡಿದವರೇ ಗೇರ್‌ಬಾಕ್ಸ್ ಪೂರಾ ಬದಲಿಸಬೇಕೆಂದು ತೊಂಬತ್ತು ಸಾವಿರ ರೂಪಾಯಿಗಳ ಲೆಕ್ಕ ಬರೆದುಕೊಟ್ಟಿದ್ದರು. ಅಷ್ಟು ಹಣ ಮಠದಲ್ಲಿ ಇದ್ದದ್ದು ಒಂದೇ ಕಡೆ, ವಿದ್ಯಾರ್ಥಿನಿಲಯದ ಛಾವಣಿಗೆಂದು ಕೂಡಿಟ್ಟ ನಿಧಿಯಲ್ಲಿ. ಮಳೆಗಾಲದಲ್ಲಿ ಹುಡುಗರು ಹಾಸಿಗೆ ಸುತ್ತಿಕೊಂಡು ಮೂಲೆಗೆ ಸರಿಯುವುದನ್ನು ಕಂಡ ನನಗೆ ಆ ಚೀಟಿಗೆ ಒಪ್ಪಿಗೆ ಹಾಕಲು ಕೈ ಬರಲಿಲ್ಲ.

ಬಂಗಾರಪೇಟೆ ದಾಟಿದ ಮೇಲೆ ದೀಪ ಮತ್ತೆ ಹೊತ್ತಿತು. ಕೋರಮಂಡಲದ ಬಳಿ ನೆರಳು ಕಂಡಲ್ಲಿ ಚಾಲಕ ನಿಲ್ಲಿಸಿದ. ಎದುರಿಗೆ ಗಣಿಯ ತ್ಯಾಜ್ಯದ ಬೂದುದಿಬ್ಬಗಳು. ಜನ ಅವನ್ನು ಸೈನೈಡ್ ಗುಡ್ಡಗಳೆನ್ನುತ್ತಾರೆ. ಜಾನ್ ಟೇಲರ್ ಕಂಪನಿಯವರು 1880ರಲ್ಲಿ ಕೈಹಾಕಿದಂದಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಇಲ್ಲಿಂದ ಹೊರಬಿದ್ದ ಚಿನ್ನ ಸುಮಾರು 800 ಟನ್. ಶಿವನಸಮುದ್ರದ ವಿದ್ಯುತ್ತು 147 ಕಿಲೋಮೀಟರ್ ದೂರ ತಂತಿಯ ಮೇಲೆ ನಡೆದು 1902ರಲ್ಲಿ ಮೊದಲು ಬಂದದ್ದು ಈ ಗಣಿಗಳಿಗೇ. ಚಿನ್ನ ಹೋಯಿತು; ಗುಡ್ಡಗಳು ಉಳಿದವು. ಗಾಳಿ ಬೀಸಿದರೆ ಆ ಹುಡಿ ಇಂದಿಗೂ ಮನೆಗಳ ಒಳಹೊಕ್ಕು ಅನ್ನದ ತಟ್ಟೆಯ ಮೇಲೆ ಕೂರುತ್ತದೆ.

ದಾರಿಹೋಕರೊಬ್ಬರು ಹಿಂದಿನ ಓಣಿಯಲ್ಲಿದ್ದ ಹಿರಿಯರೊಬ್ಬರನ್ನು ಕರೆತಂದರು. ಬೆಮೆಲ್ ಕಾರ್ಖಾನೆಯಲ್ಲಿ ಬುಲ್‌ಡೋಜರುಗಳ ಗೇರ್‌ಬಾಕ್ಸ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ತಮಿಳಿನ ಎಳೆ ಬೆರೆತ ಅವರ ಕನ್ನಡ ಕೇಳಲು ಹಿತವಾಗಿತ್ತು. “ಸ್ವಾಮೀ, ಲೈಟು ಬಂತು ಅಂದ್ರೆ ಏನೋ ಸರಿ ಇಲ್ಲ ಅಂತ, ಅಷ್ಟೇ. ಏನು ಅಂತ ಅದು ಹೇಳಲ್ಲ. ನಾವೇ ಕೇಳ್ಬೇಕು” ಎಂದರು.

ಅವರು ಕೇಳಿದ ಕ್ರಮ ನನಗೆ ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಓದಿದ ಮಾಧವಕರನ ನಿದಾನಗ್ರಂಥವನ್ನು ನೆನಪಿಸಿತು. ಕಾರಣವನ್ನರಸುವ ನಿದಾನ ಬೇರೆ, ಮೆಲ್ಲಗೆ ಎಂಬರ್ಥದ ನಿಧಾನ ಬೇರೆ. ನಡುವೆ ಒಂದು ಮಹಾಪ್ರಾಣದ ಅಂತರ. ಈ ಹಿರಿಯರಲ್ಲಿ ಎರಡೂ ಇದ್ದವು. ರೋಗವನ್ನು ಅರಿಯಲು ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂದು ಐದು ಬಾಗಿಲುಗಳನ್ನು ಆಯುರ್ವೇದ ಹೇಳುತ್ತದೆ. ಹೊತ್ತಿದ ದೀಪ ರೂಪ ಮಾತ್ರ. ಇವರು ಮೊದಲು ಹಿಡಿದದ್ದು ಪೂರ್ವರೂಪವನ್ನು: ದೀಪ ಬರುವ ಮುಂಚೆ ಏನಾಗುತ್ತಿತ್ತು? ಮಳೆ ಬಂದ ಮರುದಿನ ಬೆಳಗ್ಗೆ ಹೊರಡುವಾಗ ಒಮ್ಮೊಮ್ಮೆ ಜಗ್ಗುತ್ತಿತ್ತೆಂದು ಚಾಲಕ ನೆನಪಿಸಿಕೊಂಡ. ಹಿರಿಯರು ತಲೆಯಾಡಿಸಿದರು.

ಬಳಿಕ ಎಣ್ಣೆ. ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಬಿಸಿಯಿರುವಾಗಲೇ ಅಳತೆಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿದರು. ಮಟ್ಟ ಸರಿಯಾಗಿತ್ತು, ಬಣ್ಣ ಕೆಂಪಾಗಿಯೇ ಇತ್ತು, ಸುಟ್ಟ ವಾಸನೆಯಿಲ್ಲ. ಎಣ್ಣೆ ಕಪ್ಪಾಗಿ ಕಮಟು ಹೊಡೆದಿದ್ದರೆ ಒಳಗಿನ ತಟ್ಟೆಗಳು ಸವೆದಿವೆಯೆಂದು ಅರ್ಥ. ಆಗ ಒಂದು ಹೆಜ್ಜೆಯೂ ಓಡಿಸದೆ ಎಳೆಸಿಕೊಂಡು ಹೋಗಬೇಕೆಂದು ಚಾಲಕನಿಗೆ ಹೇಳಿಕೊಟ್ಟರು.

ಆಮೇಲೆ ನಡೆದದ್ದು ನನಗೆ ಬಹಳ ಹಿಡಿಸಿತು. ಮುಂಫಲಕದ ಕೆಳಗಿನ ಪುಟ್ಟ ಜೋಡಣೆಯೊಂದರ ಎರಡು ತುದಿಗಳನ್ನು ತಂತಿಯ ತುಂಡಿನಿಂದ ಸೇರಿಸಿ ಬೀಗದಕೈ ತಿರುಗಿಸಿದರು. ಹಳೆಯ ಕೆಲವು ವಾಹನಗಳಲ್ಲಿ ಹೀಗೆ ಮಾಡಿದರೆ ಅದೇ ದೀಪ ದೋಷದ ಅಂಕಿಯನ್ನು ಮಿಣುಕಿ ಹೇಳುತ್ತದಂತೆ. ಅವರು ತುಟಿಯಲ್ಲೇ ಎಣಿಸಿದರು. ಅವರ ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಮೂರು ಕಿಲೋಮೀಟರಿಗೂ ಮಿಕ್ಕಿ ಆಳಕ್ಕಿಳಿದ ಆ ಗಣಿಯ ಬಾವಿಯಲ್ಲಿ ತೊಟ್ಟಿಲನ್ನು ಏರಿಸು, ಇಳಿಸು, ನಿಲ್ಲಿಸು ಎಂಬುದೆಲ್ಲ ಗಂಟೆಯ ಎಣಿಕೆಯಲ್ಲೇ ನಡೆಯುತ್ತಿತ್ತು. “ನಮ್ಮಪ್ಪ ಗಂಟೆ ತಪ್ಪಾಗಿ ಎಣಿಸಿದ್ರೆ ಜೀವ ಹೋಗ್ತಿತ್ತು. ಇಲ್ಲಿ ತಪ್ಪಿದ್ರೆ ನಿಮ್ಮ ದುಡ್ಡು ಹೋಗುತ್ತೆ” ಎಂದು ನಕ್ಕರು.

ಅಂಕಿ ತೋರಿದ್ದು ಗೇರು ಬದಲಿಸುವ ವಿದ್ಯುತ್ ಕವಾಟವೊಂದರ ಕಡೆಗೆ. ಇಲ್ಲಿಯೂ ಅವರು ಆತುರಪಡಲಿಲ್ಲ. ಅಂಕಿ ಹೇಳುವುದು ಯಾವ ದಾರಿಯಲ್ಲಿ ತೊಂದರೆಯೆಂದು. ಆ ದಾರಿಯಲ್ಲಿ ಕವಾಟವೂ ಇದೆ, ತಂತಿಯೂ ಇದೆ, ಜೋಡಣೆಯೂ ಇದೆ. ಮೀಟರಿನಿಂದ ಅಳೆದಾಗ ಕವಾಟದ ಸುರುಳಿ ಸರಿಯಾಗಿತ್ತು. ತಂತಿಯ ಕಟ್ಟನ್ನು ಬೆರಳಿನಲ್ಲಿ ಅಲುಗಿಸುತ್ತ ಹೋದಾಗ ಒಂದು ಕಡೆ ಮೀಟರಿನ ಅಂಕಿ ಕುಣಿಯಿತು. ಬಿಡಿಸಿದರೆ ಹಲ್ಲಿನ ಗುರುತು! ಹೊದಿಕೆಯನ್ನು ಹೆಗ್ಗಣ ಕಡಿದಿತ್ತು, ತೇವ ತಗುಲಿ ತಾಮ್ರ ಹಸಿರುಗಟ್ಟಿತ್ತು. ಸಂಪರ್ಕ ತಪ್ಪಿದಾಗಲೆಲ್ಲ ವಾಹನದ ಗಣಕ ತನ್ನ ರಕ್ಷಣೆಗೆಂದು ಒಂದೇ ಗೇರಿಗೆ ಬಿಗಿದುಕೊಳ್ಳುತ್ತಿತ್ತು. ಸಂಪ್ರಾಪ್ತಿಯೆಂದರೆ ಇದೇ ಅಲ್ಲವೇ.

ಕೆಟ್ಟ ಭಾಗ ಕತ್ತರಿಸಿ, ಹೊಸ ತುಂಡು ಬೆಸೆದು, ಟೇಪು ಸುತ್ತಿ, ಹಳೆಯ ಅಂಕಿಯನ್ನು ಅಳಿಸಿದರು. ಉಪಶಯವೊಂದು ಬಾಕಿಯಿತ್ತು: ಚಿಕಿತ್ಸೆಯಿಂದ ಶಮನವಾದರೆ ರೋಗ ಅದೇ ಎಂದು ಸಿದ್ಧ. ಊರಗಾಂವರೆಗೆ ಹೋಗಿ ಬಂದೆವು. ಗೇರುಗಳು ಒಂದಾದ ಮೇಲೊಂದು ಸದ್ದಿಲ್ಲದೆ ಬಿದ್ದವು, ದೀಪ ಹೊತ್ತಲಿಲ್ಲ.

ಅವರು ಕೇಳಿದ್ದು ಇನ್ನೂರು ರೂಪಾಯಿ. ಹೆಚ್ಚು ಕೊಡಹೋದರೆ ಕೆಲಸಕ್ಕೆ ಕೂಲಿ ಅಷ್ಟೇ ಎಂದು ಹಿಂದಕ್ಕೆ ನೀಡಿದರು. ಲಿಂಗಧಾರಿಯಲ್ಲದ ಆ ಹಿರಿಯರಿಗೆ ಕಾಯಕವೆಂಬ ಮಾತನ್ನು ವಿವರಿಸಹೊರಟು ಸುಮ್ಮನಾದೆ. ಅವರು ಆಗಲೇ ಉಪಕರಣಗಳನ್ನು ಒರೆಸಿ ಚೀಲಕ್ಕೆ ತುಂಬುತ್ತಿದ್ದರು.

ಗೃಹಪ್ರವೇಶದ ಪ್ರಸಾದಕ್ಕೆ ನಾವು ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಮಠಕ್ಕೆ ಮರಳಿದವನೇ ವಾಹನವನ್ನು ದಾಸೋಹದ ಉಗ್ರಾಣದ ಪಕ್ಕದಿಂದ ತೆಗೆಸಿ ಬಾವಿಕಟ್ಟೆಯ ಬಳಿ ನಿಲ್ಲಿಸಿದ್ದೇನೆ. ಜೋಳದ ಚೀಲಗಳ ಹಿಂದೆ ಬೋನು ಇಟ್ಟಿದ್ದಾರೆ. ಇದುವರೆಗೆ ಸಿಕ್ಕ ಎರಡು ಹೆಗ್ಗಣಗಳನ್ನು ಹುಡುಗರು ಕೆರೆಯಾಚೆ ಬಿಟ್ಟು ಬಂದಿದ್ದಾರೆ. ಛಾವಣಿಯ ಹಂಚು ಬರುವ ವಾರ ಇಳಿಯಲಿದೆ.