ಹಳೆಯ ಮೇಜು

ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳನ್ನು ನಾನು ಮೊದಲು ಹೊಕ್ಕದ್ದು ಅನಿವಾರ್ಯದಿಂದ. ಉಪಾಧ್ಯಾಯನ ಸಂಬಳಕ್ಕೆ ಹೊಸ ತೇಗದ ಮೇಜು ಎಟುಕುವಂತಿರಲಿಲ್ಲ. ನೆಲದ ಮೇಲೆ ಬಾಗಿ ಬರೆಯುತ್ತಿದ್ದ ಮಗಳಿಗೋ ಮೇಜು ಬೇಕೇ ಬೇಕಾಗಿತ್ತು.

ಹಳೆಯ ಸಾಮಾನು ಕೊಳ್ಳುವವನು ಮೆರುಗಿಗೆ ಮರುಳಾಗಬಾರದು. ಮೇಜನ್ನು ಮಗುಚಿ ನೋಡಬೇಕು. ಬಣ್ಣ ತಾಗದ ತಳದಲ್ಲಿ ಮರದ ನಿಜವಾದ ಎಳೆ ಕಾಣುತ್ತದೆ. ಸಣ್ಣ ತೂತುಗಳಿಂದ ಹಿಟ್ಟಿನಂಥ ಹುಡಿ ಉದುರುತ್ತಿದ್ದರೆ ಒಳಗೆ ಹುಳು ಇದೆಯೆಂದೇ ತಿಳಿಯಬೇಕು. ಅಲುಗಾಡುವ ಕಾಲನ್ನು ಬಡಗಿ ಬಿಗಿ ಮಾಡಿಯಾನು. ಹುಳು ತಿಂದ ತಿರುಳನ್ನು ಯಾರು ತುಂಬಬಲ್ಲರು?

ಹೀಗೆ ಪರೀಕ್ಷಿಸಿ ತಂದ ಮೇಜಿನ ಮೇಲೆ ಶಾಯಿಯ ಕಲೆಯೊಂದಿತ್ತು. ಅದನ್ನು ಉಜ್ಜಲು ಹೊರಟ ಬಡಗಿಯನ್ನು ಮಗಳು ತಡೆದಳು: "ಇರಲಿ ಬಿಡಿ ಮಾಮ, ನನಗಿಂತ ಮೊದಲು ಯಾರೋ ಇಲ್ಲಿ ಓದಿದ್ದಾರೆ."

ಆ ಕಲೆಯ ಪಕ್ಕದಲ್ಲಿಯೇ ಈಗ ನನ್ನ ಮೊಮ್ಮಗ ಅಕ್ಷರ ತಿದ್ದುತ್ತಿದ್ದಾನೆ.